ಮೂರು ಘಾತದ ಆದಿತಾಳ

ಕರ್ನಾಟಕ ಸಂಗೀತದ ಮೊದಲ ಪಾಠ ನೋಡುವವರಿಗೆ ಸುಲಭ. ಆದರೆ ಮಗು ಒಟ್ಟಿಗೆ ಎಷ್ಟೊಂದು ಕೆಲಸ ಮಾಡುತ್ತಿರುತ್ತದೆ! ಚಕ್ಕಳಮಕ್ಕಳ ಹಾಕಿ ಕೂರಬೇಕು, ಶ್ರುತಿಗೆ, ಅಂದರೆ ಹಾಡಿಗೆ ಆಧಾರವಾದ ನಾದಕ್ಕೆ, ಕಿವಿ ಕೊಡಬೇಕು, ಬಾಯಲ್ಲಿ ಸ್ವರ, ತೊಡೆಯ ಮೇಲೆ ತಾಳ, ಕಿರುಬೆರಳಿನಿಂದ ಎಣಿಕೆ. ನನ್ನ ಶನಿವಾರದ ಪಾಠಕ್ಕೆ ಬರುವ ಹುಡುಗಿಯೊಬ್ಬಳಿಗೆ ಇವುಗಳಲ್ಲಿ ಕಿವಿಯ ಕೆಲಸ ಬಿಟ್ಟು ಉಳಿದೆಲ್ಲವೂ ಕಷ್ಟ. ಅವಳಿಗೆ ಸೆರೆಬ್ರಲ್ ಪಾಲ್ಸಿ, ಮೆದುಳಿನ ತೊಂದರೆಯಿಂದ ಸ್ನಾಯುಗಳು ಹಿಡಿತಕ್ಕೆ ಸಿಗದ ಸ್ಥಿತಿ. ಬಲಗೈ ಬೆರಳುಗಳನ್ನು ಬಿಡಿಸಲು ಹೋದಷ್ಟೂ ಬಿಗಿಯುತ್ತವೆ. ಮಾತು ನಿಧಾನ, ಉಸಿರು ಚಿಕ್ಕದು. ಕಿವಿ ಮಾತ್ರ ಬಲು ಚುರುಕು. ತಂಬೂರಿಯ ಪಂಚಮ ಚೂರು ಇಳಿದರೂ ಮುಖ ಕಿವುಚುತ್ತಾಳೆ.

ಕಣ್ಣು ಕಾಣದವರಿಗೆ ಸಂಗೀತ ಕಲಿಸುವ ದೊಡ್ಡ ದಾರಿ ನಮ್ಮ ನಾಡಿನಲ್ಲೇ ಇದೆ. ಸ್ವತಃ ದೃಷ್ಟಿಯಿಲ್ಲದ ಪಂಚಾಕ್ಷರ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು (1914–2010) ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟೋ ಅಂಧ ಮಕ್ಕಳನ್ನು ಸಂಗೀತಗಾರರನ್ನಾಗಿ ಮಾಡಿದರು. ಬಾಯಿಂದ ಕಿವಿಗೆ ದಾಟುವ ಪಾಠ ಅಲ್ಲಿ ಒದಗಿಬಂತು. ಕೈ, ನಾಲಿಗೆ ಎರಡೂ ಹೇಳಿದ ಮಾತು ಕೇಳದ ಮಗುವಿಗೆ ಏನು ಮಾಡಬೇಕು? ಅದಕ್ಕೆ ನಾನೇ ಪಾಠವನ್ನು ಬಿಚ್ಚಿ ನೋಡಬೇಕಾಯಿತು.

ಮೊದಲು ಕೂರುವ ಬಗೆ. ನೆಲದ ಚಾಪೆ ಬಿಟ್ಟು ಕುರ್ಚಿ ತಂದೆವು. ಪಾದ ತೂಗಾಡದಂತೆ ಕೆಳಗೊಂದು ಮಣೆ. ಪಾದಕ್ಕೆ ಆಸರೆ ಸಿಕ್ಕಿದ ಮೇಲೆ ಬೆನ್ನು ನಿಂತಿತು, ಉಸಿರು ಕೊಂಚ ಉದ್ದವಾಯಿತು. ಗಂಟಲಿಗೆ ಹಗುರವಾಗಲೆಂದು ಶ್ರುತಿಯನ್ನು ಐದು ಮನೆಯಿಂದ ನಾಲ್ಕಕ್ಕೆ, ಒಂದು ಮೆಟ್ಟಿಲು ಕೆಳಕ್ಕೆ, ಇಳಿಸಿದೆ. 'ಸರಿಗಮ' ಅಂತ ನಾಲಿಗೆ ಹೊರಳಿಸುವಷ್ಟರಲ್ಲಿ ತಾಳ ಮುಂದೆ ಹೋಗಿರುತ್ತಿತ್ತು. ಹಾಗಾಗಿ ಸ್ವರದ ಹೆಸರು ನಾನು ಹೇಳುವುದು, ಅದೇ ಸ್ವರವನ್ನು ಅವಳು ಅಕಾರದಲ್ಲಿ ಹಿಡಿಯುವುದು. ಹೆಸರುಗಳು ಆಮೇಲೆ ಒಂದೊಂದಾಗಿ ಬಂದವು.

ತಾಳದ್ದೇ ದೊಡ್ಡ ಯೋಚನೆ. ಆದಿತಾಳದ ಎಂಟು ಅಕ್ಷರಗಳಲ್ಲಿ, ಅಂದರೆ ಎಣಿಕೆಗಳಲ್ಲಿ, ಘಾತ (ಕೈಯಿಂದ ತಟ್ಟುವುದು) ಬೀಳುವುದು ಒಂದು, ಐದು, ಏಳರಲ್ಲಿ. ಉಳಿದದ್ದು ಬೆರಳೆಣಿಕೆ ಮತ್ತು ಅಂಗೈ ತಿರುಗಿಸುವುದು. ಆ ಮೂರು ಘಾತವನ್ನು ಎಡಗೈ ಮುಷ್ಟಿಯಿಂದ ತೊಡೆಗೆ ಒತ್ತು, ಮಿಕ್ಕದ್ದನ್ನು ಮನಸ್ಸಲ್ಲೇ ಎಣಿಸು ಎಂದೆ. ಕೈ ಕೆಲವು ದಿನ ತಡವಾಗಿ ಬರುತ್ತದೆ. ಅಂಥ ದಿನ ಪಕ್ಕದಲ್ಲಿ ಕೂತವರು ಅವಳ ತೋಳಿನ ಮೇಲೆ ತಾಳ ತಟ್ಟುತ್ತಾರೆ.

ಕಳೆದ ತಿಂಗಳ ಒಂದು ಶನಿವಾರ ತಟ್ಟುತ್ತಿದ್ದವನು ಅವಳಿಗಿಂತ ಎರಡು ವರ್ಷ ದೊಡ್ಡ ಹುಡುಗ, ಸ್ವರಪಾಠಗಳನ್ನು ದಾಟಿ ವರ್ಣ ಎಂಬ ರಚನೆ ಕಲಿಯುತ್ತಿರುವವನು. ಸ್ವರಗಳನ್ನು ಹತ್ತಿ (ಆರೋಹಣ) ಇಳಿಯುವ (ಅವರೋಹಣ) ಪಾಠವಾದ ಮೊದಲ ಸರಳೆ ಅವರೋಹಣಕ್ಕೆ ತಿರುಗಿತ್ತು. ಇದ್ದಕ್ಕಿದ್ದಂತೆ ಅವಳು ನಿಲ್ಲಿಸಿದಳು. ಉಸಿರು ಸಾಲಲಿಲ್ಲವೇನೋ ಎಂದು ನಾನು ಕಾದೆ. ಮಾತು ಜೋಡಿಸಿಕೊಳ್ಳಲು ಅವಳಿಗೆ ಸ್ವಲ್ಪ ಹೊತ್ತು ಬೇಕು.

"ಮಿಸ್... ಅಣ್ಣ... ಒಂದಕ್ಷರ... ನುಂಗಿದ."

ಹುಡುಗ ಮತ್ತೆ ಬೆರಳು ಎಣಿಸಿ ನೋಡಿ, "ಹೌದು ಮಿಸ್, ಉಂಗುರದ ಬೆರಳು ಬಿಟ್ಟುಬಿಟ್ಟೆ" ಅಂದ. ಅವಳ ತಾಯಿ ಬಾಗಿಲ ಬಳಿ ಕೂತಿದ್ದರು. ತಾಳ ಇವಳಿಗೆ ಹತ್ತುವುದೇ ಇಲ್ಲವೇನೋ ಎಂದು ಪ್ರತಿ ವಾರ ಕೇಳುತ್ತಿದ್ದವರು ಎದ್ದು ಬಂದು, "ಇದು ಗೊತ್ತಾಗ್ತಿತ್ತಾ ನಿಂಗೆ?" ಎಂದರು. ಅವಳು ನಕ್ಕಳು, ನಕ್ಕ ಖುಷಿಗೆ ಮೈಯೆಲ್ಲ ಸೆಟೆದು ಐದು ನಿಮಿಷ ಪಾಠ ನಿಲ್ಲಿಸಬೇಕಾಯಿತು.

ಆ ದಿನವೇ ಎರಡನೇ ಕಾಲ ಹಿಡಿಸಿದೆ. ಎರಡನೇ ಕಾಲ ಅಂದರೆ ಅಕ್ಷರಕ್ಕೆ ಎರಡು ಸ್ವರ. ಗಂಟಲನ್ನು ಓಡಿಸಲೇಬೇಕೆಂದಿಲ್ಲ, ತಾಳವನ್ನು ಅರ್ಧಕ್ಕೆ ಇಳಿಸಿದರೂ ಲೆಕ್ಕ ಅದೇ. ಅವಳು ತನ್ನ ನಡೆಯಲ್ಲೇ ಹಾಡಿದಳು, ಹುಡುಗ ತೋಳಿನ ಮೇಲೆ ವಿಳಂಬವಾಗಿ ತಟ್ಟಿದ. ಒಂದೇ ಆವರ್ತದಲ್ಲಿ, ಅಂದರೆ ತಾಳದ ಒಂದೇ ಸುತ್ತಿನಲ್ಲಿ, ಆರೋಹಣ, ಅವರೋಹಣ ಎರಡೂ ಮುಗಿದು ಸಮಕ್ಕೆ, ಸುತ್ತಿನ ಮೊದಲ ಘಾತಕ್ಕೆ, ಸರಿಯಾಗಿ ಬಂದು ಕೂತಳು. ಇದನ್ನು ರಿಯಾಯಿತಿ ಎನ್ನುವವರನ್ನು ನಾನು ಒಪ್ಪುವುದಿಲ್ಲ. ಅವಳು ಕಲಿತದ್ದು ಅಪ್ಪಟ ಎರಡನೇ ಕಾಲ.

ಒಂದೇ ಸ್ವರವನ್ನು ಜೋಡಿಯಾಗಿ ಹಾಡುವ ಜಂಟಿ ವರಸೆಯಲ್ಲಿ ಎರಡನೇ ಸ್ವರಕ್ಕೆ ಕೊಡುವ ಒತ್ತು ಅವಳ ಗಂಟಲಿಗೆ ಇನ್ನೂ ಭಾರ, ಸದ್ಯಕ್ಕೆ ಪಕ್ಕಕ್ಕಿಟ್ಟಿದ್ದೇನೆ. ಮುಂದೆ ಅಲಂಕಾರ, ಬೇರೆಬೇರೆ ತಾಳಗಳಲ್ಲಿ ಕೂರಿಸಿದ ಸ್ವರಪಾಠ. ವಾಡಿಕೆಯಲ್ಲಿ ಹದಿನಾಲ್ಕು ಅಕ್ಷರದ ಧ್ರುವತಾಳ ಮೊದಲು, ನಾಲ್ಕು ಅಕ್ಷರದ ಏಕತಾಳ ಕೊನೆಗೆ. ಇವಳಿಗೆ ಏಕತಾಳದಿಂದ ಶುರು: ಆವರ್ತಕ್ಕೆ ಒಂದೇ ಘಾತ, ಒಂದು ಉಸಿರಿಗೆ ನಾಲ್ಕೇ ಸ್ವರ. ಅಲ್ಲಿಂದ ರೂಪಕತಾಳಕ್ಕೆ.