ಹಳೆಯ ಕೇಸು, ಹೊಸ ವೀಸಾ: ಫೈಲು ಎಲ್ಲಿ ಕೆಡುತ್ತದೆ

ವೀಸಾ ಅರ್ಜಿ ತಯಾರಿಸುವ ಮೇಜಿನ ಮುಂದೆ ಕೂತವರು ತಗ್ಗಿದ ದನಿಯಲ್ಲಿ ಕೇಳುವ ಮಾತು ಒಂದೇ: "ಕೇಸು ಹಳೇದು, ಮುಗಿದೂ ಹೋಗಿದೆ. ಹೇಳಲೇಬೇಕಾ?" ಇದಕ್ಕೆ ಹೌದು ಅಥವಾ ಬೇಡ ಎಂದು ಒಂದೇ ಏಟಿಗೆ ಉತ್ತರ ಕೊಡುವವರನ್ನು ನಂಬಬೇಡಿ. ಉತ್ತರ ಇರುವುದು ಆ ದೇಶದ ಫಾರ್ಮಿನ ಪ್ರಶ್ನೆಯಲ್ಲಿ. ಬಂಧನವಾಗಿತ್ತೇ, ಆರೋಪ ಹೊರಿಸಿದ್ದರೇ, ಅಪರಾಧಿ ಎಂದು ತೀರ್ಪಾಗಿತ್ತೇ, ಜೈಲು ಶಿಕ್ಷೆಯಾಗಿತ್ತೇ? ಇವು ನಾಲ್ಕು ಬೇರೆ ಬೇರೆ ಪ್ರಶ್ನೆಗಳು. ನಾಲ್ಕಕ್ಕೂ ಒಂದೇ ಉತ್ತರ ಬರೆದಲ್ಲೇ ಫೈಲು ಕೆಡಲು ಶುರು.

ಅಮೆರಿಕದ ತಾತ್ಕಾಲಿಕ ವೀಸಾ ಅರ್ಜಿಯಾದ ಡಿಎಸ್-160 ಫಾರ್ಮು, ಎಂದಾದರೂ ಬಂಧನವಾಗಿತ್ತೇ ಅಥವಾ ಶಿಕ್ಷೆಯಾಗಿತ್ತೇ, ಆಮೇಲೆ ಕ್ಷಮಾದಾನ ಸಿಕ್ಕಿದ್ದರೂ ಹೇಳಿ ಎನ್ನುತ್ತದೆ. ಬಂಧನವಾಗಿ ಆಮೇಲೆ ಖುಲಾಸೆಯಾದವರೂ ಅಲ್ಲಿ 'ಹೌದು' ಎಂದೇ ಬರೆದು, ಕೆಳಗಿನ ಜಾಗದಲ್ಲಿ ಖುಲಾಸೆಯ ತಾರೀಕು ಕೊಡಬೇಕು. ಅದೇ ಅಮೆರಿಕದ ವೀಸಾರಹಿತ ಪ್ರವೇಶದ ಇಎಸ್‌ಟಿಎ ಫಾರ್ಮಿನ ಪ್ರಶ್ನೆ ಕಿರಿದು: ಆಸ್ತಿಗೆ ಗಂಭೀರ ಹಾನಿ ಅಥವಾ ಮತ್ತೊಬ್ಬ ವ್ಯಕ್ತಿಗೋ ಸರ್ಕಾರಿ ಅಧಿಕಾರಕ್ಕೋ ಗಂಭೀರ ಕೇಡು ಆದ ಅಪರಾಧವೇ? ಹಾಗಾಗಿ ಒಬ್ಬರೇ ವ್ಯಕ್ತಿ ಒಂದರಲ್ಲಿ 'ಇಲ್ಲ', ಇನ್ನೊಂದರಲ್ಲಿ 'ಹೌದು' ಎಂದು ಬರೆದರೆ ಎರಡೂ ನಿಜವಿರಬಹುದು. ಕೆನಡಾದ ಪ್ರಶ್ನೆಯ ಬಲೆ ಎಲ್ಲಕ್ಕಿಂತ ಅಗಲ. ಅಪರಾಧ ಮಾಡಿದ್ದು, ಬಂಧನ, ಆರೋಪ, ತೀರ್ಪು, ಯಾವ ದೇಶದ್ದಾದರೂ ಸರಿ, ಎಲ್ಲವೂ ಅದರೊಳಗೆ. ಷೆಂಗೆನ್ ದೇಶಗಳ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ, ಅಲ್ಪಾವಧಿ ವೀಸಾದ ಸಾಮಾನ್ಯ ನಮೂನೆಯಲ್ಲಿ ಮಾತ್ರ ಈ ಪ್ರಶ್ನೆಯೇ ಇಲ್ಲ. ಅವರು ತಮ್ಮ ಷೆಂಗೆನ್ ಮಾಹಿತಿ ವ್ಯವಸ್ಥೆಯಲ್ಲಿ ಹೆಸರಿದೆಯೇ ಎಂದು ತಾವೇ ನೋಡಿಕೊಳ್ಳುತ್ತಾರೆ. ಕೇಳದ ಕಡೆ ಎರಡು ಪುಟದ ಪಶ್ಚಾತ್ತಾಪ ಪತ್ರ ಲಗತ್ತಿಸುವ ಅಭ್ಯಾಸ ಕೆಲವರಿಗಿದೆ. ಅದು ಬೇಡ.

ಕೇಳಿದ ಕಡೆ ಮುಚ್ಚಿಟ್ಟರೆ ಏನಾಗುತ್ತದೆ? ಮುಖ್ಯ ಸಂಗತಿ ಮರೆಮಾಚಿದ್ದು ಗೊತ್ತಾದರೆ ಅಮೆರಿಕದಲ್ಲಿ ಜೀವಮಾನದ ನಿರ್ಬಂಧ, ಆ ನಿರ್ಬಂಧಕ್ಕೆ ವಿನಾಯಿತಿ (ವೇವರ್) ಸಿಕ್ಕರಷ್ಟೇ ದಾರಿ. ಕೆನಡಾದಲ್ಲಿ 5 ವರ್ಷ, ಬ್ರಿಟನ್ನಿನಲ್ಲಿ ಅರ್ಜಿಯಲ್ಲಿ ವಂಚಿಸಿದ್ದಕ್ಕೆ 10 ವರ್ಷದವರೆಗೆ. ಅಂಗಡಿಯಿಂದ ಸಾಮಾನು ಎತ್ತಿದ ಕೇಸಿಗೆ ದಂಡ ಕಟ್ಟಿ ಮುಗಿದಿರುತ್ತದೆ. ತಪ್ಪು ಟಿಕ್ ಮಾರ್ಕು ಬೆನ್ನು ಬಿಡುವುದಿಲ್ಲ. "ಅವರಿಗೆ ಹೇಗೆ ಗೊತ್ತಾಗುತ್ತೆ" ಎನ್ನುವವರಿಗೆ ಒಂದು ಮಾತು: ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಈ ಐದೂ ದೇಶಗಳ ನಡುವೆ ಬೆರಳಚ್ಚು ತಾಳೆ ನೋಡುವ ಏರ್ಪಾಡಿದೆ. ಒಂದು ಕಡೆ ಒಪ್ಪಿಕೊಂಡು ಇನ್ನೊಂದು ಕಡೆ ಅಲ್ಲಗಳೆದ ಅರ್ಜಿಗಳು ಎದುರುಬದುರಾಗಬಹುದು.

ಅರ್ಜಿಗೆ ಕೈ ಹಾಕುವ ಮೊದಲು ಕಾಗದ ಕೂಡಿಸಿ. ನೆನಪಿನಿಂದ ತಾರೀಕು ತುಂಬಬೇಡಿ. ಆರೋಪಪಟ್ಟಿ, ತೀರ್ಪಿನ ದೃಢೀಕೃತ ನಕಲು, ದಂಡ ಕಟ್ಟಿದ ರಸೀದಿ, ಪ್ರೊಬೇಷನ್ (ಜೈಲಿನ ಹೊರಗೆ ಕೋರ್ಟಿನ ನಿಗಾದಲ್ಲಿರುವ ಅವಧಿ) ಮುಗಿದ ಪತ್ರ, ವಾಸವಿದ್ದ ದೇಶದ ಪೊಲೀಸ್ ಪ್ರಮಾಣಪತ್ರ, ಇವಕ್ಕೆಲ್ಲ ಪ್ರಮಾಣಿತ ಅನುವಾದ. ಎಲ್ಲರೂ ಮರೆಯುವ ಒಂದು ಕಾಗದ ಇನ್ನೂ ಇದೆ: ಅಪರಾಧ ನಡೆದ ಕಾಲದಲ್ಲಿ ಜಾರಿಯಲ್ಲಿದ್ದ ಕಾನೂನಿನ ಆ ಕಲಮು, ಗರಿಷ್ಠ ಶಿಕ್ಷೆ ಎಷ್ಟೆಂದು ಬರೆದಿರುವ ಪುಟ. ಅದು ಏಕೆ ಬೇಕೆಂದರೆ, ಅಮೆರಿಕದಲ್ಲಿ ಕಳವು, ವಂಚನೆಯಂಥ 'ನೈತಿಕ ಅಧಃಪತನ'ದ ಅಪರಾಧಕ್ಕೂ 'ಸಣ್ಣ ಅಪರಾಧ'ದ ವಿನಾಯಿತಿ ಇದೆ. ಅಂಥ ಅಪರಾಧ ಒಂದೇ ಇರಬೇಕು, ಕಾನೂನಿನಲ್ಲಿರುವ ಗರಿಷ್ಠ ಶಿಕ್ಷೆ 1 ವರ್ಷ ಮೀರಬಾರದು, ಕೊಟ್ಟ ಶಿಕ್ಷೆ 6 ತಿಂಗಳು ಮೀರಬಾರದು. ತೀರ್ಪು ಮಾತ್ರ ಇಟ್ಟರೆ ಮೂರನೆಯದು ಸಾಬೀತಾಗುತ್ತದೆ, ಎರಡನೆಯದು ಆಗುವುದಿಲ್ಲ. ಅಮಾನತ್ತಿನಲ್ಲಿಟ್ಟ ಶಿಕ್ಷೆಯೂ ಅಲ್ಲಿ ಶಿಕ್ಷೆಯೇ. 8 ತಿಂಗಳು ವಿಧಿಸಿ ಅಮಾನತ್ತಿನಲ್ಲಿಟ್ಟಿದ್ದರೆ, ಜೈಲಿನ ಬಾಗಿಲು ನೋಡದಿದ್ದರೂ ವಿನಾಯಿತಿ ತಪ್ಪಿತು. ಮಾದಕ ವಸ್ತುವಿನ ಕೇಸಿಗಂತೂ ಈ ವಿನಾಯಿತಿ ಅನ್ವಯಿಸುವುದೇ ಇಲ್ಲ.

ಬ್ರಿಟನ್ನಿನ ಪೊಲೀಸ್ ಪ್ರಮಾಣಪತ್ರ ಓದುವಾಗ ಒಂದು ಪದದ ಮೇಲೆ ಕಣ್ಣಿರಲಿ. 'ನೋ ಟ್ರೇಸ್' ಎಂದಿದ್ದರೆ ದಾಖಲೆ ಸಿಕ್ಕಿಲ್ಲ. 'ನೋ ಲೈವ್ ಟ್ರೇಸ್' ಎಂದಿದ್ದರೆ ಹಳೆಯದೇನೋ ಇದೆ, ಪ್ರಮಾಣಪತ್ರದಲ್ಲಿ ತೋರಿಸುವ ಅವಧಿ ದಾಟಿದೆ ಅಷ್ಟೆ. ಆ ಒಂದು 'ಲೈವ್' ಕಂಡೊಡನೆ ದೂತಾವಾಸದ ಅಧಿಕಾರಿ ಏನಿತ್ತು ಎಂದು ಕೇಳುತ್ತಾರೆ.

ವರ್ಷ ಎಣಿಸುವುದರಲ್ಲೇ ಹೆಚ್ಚು ಎಡವುವುದು. ಕೆನಡಾ ಹೊರದೇಶದ ಅಪರಾಧವನ್ನು ತನ್ನ ಕಾನೂನಿನ ಸಮಾನ ಅಪರಾಧಕ್ಕೆ ಹೋಲಿಸಿ ನೋಡುತ್ತದೆ. ಅಲ್ಲಿ ಗರಿಷ್ಠ ಶಿಕ್ಷೆ 10 ವರ್ಷಕ್ಕಿಂತ ಕಡಿಮೆ ಇರುವ ಒಂದೇ ಒಂದು ಅಪರಾಧವಾದರೆ, ಶಿಕ್ಷೆ ಮುಗಿದು 10 ವರ್ಷಕ್ಕೆ 'ತಾನಾಗಿ ಪುನರ್ವಸಿತ', ಅಂದರೆ ಆ ಅಪರಾಧ ಇನ್ನು ಪ್ರವೇಶಕ್ಕೆ ತಡೆಯಲ್ಲ, ಎಂದು ಪರಿಗಣಿಸಬಹುದು. 5 ವರ್ಷವಾದ ಮೇಲೆ ಪುನರ್ವಸತಿಗೆ ಅರ್ಜಿ ಹಾಕಬಹುದು. 'ಶಿಕ್ಷೆ ಮುಗಿದ ದಿನ' ಎಂದರೆ ತೀರ್ಪಿನ ದಿನವಲ್ಲ. ತೀರ್ಪು 2014ರ ಮಾರ್ಚಿನಲ್ಲಿ, ದಂಡ ಕಟ್ಟಿದ್ದು 2016ರಲ್ಲಿ, ಪ್ರೊಬೇಷನ್ ಮುಗಿದದ್ದು 2017ರ ಜೂನ್‌ನಲ್ಲಿ ಎಂದುಕೊಳ್ಳಿ. ಲೆಕ್ಕ ಹೊರಡುವುದು 2017ರ ಜೂನ್‌ನಿಂದ, 10 ವರ್ಷ ತುಂಬುವುದು 2027ರ ಜೂನ್‌ಗೆ. 2024ಕ್ಕೇ ಆಯಿತೆಂದು ಟಿಕೆಟ್ ತೆಗೆದವರು ವಿಮಾನ ನಿಲ್ದಾಣದಿಂದಲೇ ವಾಪಸ್. ಅಷ್ಟು ಕಾಯಲಾಗದ, ಹೋಗಲೇಬೇಕಾದ ಕಾರಣವಿದ್ದವರಿಗೆ ತಾತ್ಕಾಲಿಕ ವಾಸದ ಪರವಾನಗಿ ಎಂಬ ದಾರಿ ಇದೆ. ಕಾರಣ ಗಟ್ಟಿಯಾಗಿರಬೇಕು, ಬರೀ ಪ್ರವಾಸಕ್ಕೆ ಕಷ್ಟ.

ಒಂದು ದೇಶದ ಲೆಕ್ಕ ಇನ್ನೊಂದಕ್ಕೆ ಸಲ್ಲದು ಎಂಬುದಕ್ಕೆ ಕುಡಿದು ವಾಹನ ಓಡಿಸಿದ ಕೇಸು ಒಳ್ಳೆಯ ಉದಾಹರಣೆ. 2018ರ ಡಿಸೆಂಬರ್ 18ರಿಂದ ಕೆನಡಾದಲ್ಲಿ ಅದರ ಗರಿಷ್ಠ ಶಿಕ್ಷೆ 10 ವರ್ಷಕ್ಕೇರಿತು. ಆ ದಿನದ ನಂತರದ ಅಪರಾಧ 'ಗಂಭೀರ' ವರ್ಗಕ್ಕೆ ಸೇರಿ, ತಾನಾಗಿ ಪುನರ್ವಸಿತರಾಗುವ ದಾರಿ ಮುಚ್ಚಿತು. ಅಮೆರಿಕದಲ್ಲಿ ಅದೇ ಕೇಸು, ಬರೀ ಕುಡಿದು ಓಡಿಸಿದ್ದಷ್ಟೇ ಆದರೆ, ಸಾಮಾನ್ಯವಾಗಿ ಅಪರಾಧದ ಬಾಬತ್ತಿನಲ್ಲಿ ತಡೆಯಾಗದು. ಆದರೆ ಕಳೆದ 5 ವರ್ಷದಲ್ಲಿ ಮದ್ಯದ ಕಾರಣಕ್ಕೆ ಒಂದು ಬಂಧನ, ಅಥವಾ 10 ವರ್ಷದಲ್ಲಿ ಎರಡು ಇದ್ದರೆ ವೈದ್ಯರ ಬಳಿಗೆ ಕಳಿಸುತ್ತಾರೆ. ಸಂದರ್ಶನಕ್ಕೂ ಪ್ರಯಾಣಕ್ಕೂ ನಡುವೆ ಕೆಲವು ವಾರ ಹೆಚ್ಚಿಗೆ ಇಟ್ಟುಕೊಳ್ಳಿ.

ಆಸ್ಟ್ರೇಲಿಯಾದ ಲೆಕ್ಕ ಇನ್ನೂ ಒರಟು. ಒಟ್ಟು 12 ತಿಂಗಳು ಅಥವಾ ಹೆಚ್ಚು ಜೈಲು ಶಿಕ್ಷೆಯಾಗಿದ್ದರೆ ವೀಸಾಕ್ಕೆ ಪಾಸಾಗಬೇಕಾದ ನಡತೆಯ ಪರೀಕ್ಷೆಯಲ್ಲಿ ಅನುತ್ತೀರ್ಣ. ಏಕಕಾಲಕ್ಕೆ ಅನುಭವಿಸಿದ ಶಿಕ್ಷೆಗಳನ್ನೂ ಅಲ್ಲಿ ಕೂಡಿಸುತ್ತಾರೆ: 8 ತಿಂಗಳಿನ ಎರಡು ಶಿಕ್ಷೆ ಒಟ್ಟಿಗೇ ಮುಗಿದಿದ್ದರೂ ಕಾಗದದ ಮೇಲೆ ಅದು 16. ನ್ಯೂಜಿಲೆಂಡ್, ಎಂದಾದರೂ 5 ವರ್ಷ ಅಥವಾ ಹೆಚ್ಚಿನ ಜೈಲು ಶಿಕ್ಷೆ, ಇಲ್ಲವೇ ಕಳೆದ 10 ವರ್ಷದಲ್ಲಿ 12 ತಿಂಗಳು ಅಥವಾ ಹೆಚ್ಚಿನ ಶಿಕ್ಷೆ ಆಗಿದ್ದರೆ ತಡೆ ಎಂಬ ಗೆರೆ ಎಳೆದಿದೆ. ಜಪಾನಿನಲ್ಲಿ 1 ವರ್ಷ ಅಥವಾ ಹೆಚ್ಚಿನ ಶಿಕ್ಷೆ ತಡೆ. ಮಾದಕ ವಸ್ತುವಿನ ಕೇಸಾದರೆ ಶಿಕ್ಷೆ ಎಷ್ಟಾದರೂ ತಡೆ.

ಟಿಕೆಟ್ ತೆಗೆಯುವಾಗ ವಿಮಾನ ಎಲ್ಲಿ ಇಳಿದು ಹತ್ತುತ್ತದೆ ಎಂಬುದನ್ನೂ ನೋಡಿ. ಅಮೆರಿಕದಲ್ಲಿ ವಿಮಾನ ಬದಲಿಸುವವರಿಗೂ ಪ್ರವೇಶದ ನಿಯಮವೇ ಅನ್ವಯ. ಹೊರಗೆ ಕಾಲಿಡದೆ ಕೂತು ಮುಂದೆ ಹೋಗುವ ಕೊಠಡಿ ಅಲ್ಲಿಲ್ಲ. ಮೆಕ್ಸಿಕೊಗೆ ಹೊರಟವರು ಅಗ್ಗವೆಂದು ಅಮೆರಿಕದ ಮೇಲೆ ಹೋಗುವ ಟಿಕೆಟ್ ತೆಗೆದರೆ, ಮೆಕ್ಸಿಕೊಗೆ ಯಾವ ತಕರಾರಿಲ್ಲದಿದ್ದರೂ ಪ್ರಯಾಣ ಚೆಕ್-ಇನ್ ಕೌಂಟರಿನಲ್ಲೇ ಮುಗಿಯಬಹುದು. ನಿಯಮದ ಪ್ರಕಾರ ಸಾಗುವ ಫೈಲಾದರೆ ತೀರ್ಪಿನ ನಕಲು, ಅನುವಾದ, ಮಂಜೂರಾತಿ ಪತ್ರ ಮೂರನ್ನೂ ಕೈಚೀಲದಲ್ಲಿ ಇಡಿ. ಲಗೇಜಿಗೆ ಹಾಕಿದರೆ ವಲಸೆ ಅಧಿಕಾರಿ ಕೇಳುವ ಹೊತ್ತಿಗೆ ಅದು ಬೆಲ್ಟಿನ ಮೇಲೆ ಸುತ್ತುತ್ತಿರುತ್ತದೆ.