ಅಡಿಕೆಯ ದ್ವೀಪದಲ್ಲಿ ಅಮ್ಮನ ಬಂಗುಡೆ

ಊರಿನಿಂದ ಯಾರೇ ನಮ್ಮಲ್ಲಿಗೆ ಹೊರಟರೂ ಮೊದಲು ಕೇಳುವುದು ಒಂದೇ: "ಅಲ್ಲಿ ಊಟಕ್ಕೆ ಏನು ಮಾಡೋದು?" ಚೀಲದ ತುಂಬ ಅವಲಕ್ಕಿ, ಚಟ್ನಿಪುಡಿ, ಉಪ್ಪಿಟ್ಟಿನ ಪ್ಯಾಕೆಟ್ ತರುತ್ತಾರೆ. ತನ್ನಿ, ಬೇಡ ಅನ್ನುವುದಿಲ್ಲ. ಆದರೆ ಮಲೇಷ್ಯಾದ ಪೆನಾಂಗ್ ದ್ವೀಪದ ಜಾರ್ಜ್ ಟೌನಿನವರೆಗೆ ಬಂದು ರೂಮಿನಲ್ಲಿ ಉಪ್ಪಿಟ್ಟು ತಿಂದು ವಾಪಸ್ ಹೋದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಈ ಊರನ್ನು ನೋಡುವುದು ಅಂದರೆ ಇಲ್ಲಿ ತಿನ್ನುವುದು.

ಮಲಯ ಭಾಷೆಯಲ್ಲಿ ಈ ದ್ವೀಪದ ಹೆಸರು ಪುಲಾವ್ ಪಿನಾಂಗ್. ಪುಲಾವ್ ಅಂದರೆ ದ್ವೀಪ, ಪಿನಾಂಗ್ ಅಂದರೆ ಅಡಿಕೆ. ನಾನು ಕುಂದಾಪುರದ ಕಡೆಯವಳು. ಗಂಡನ ಕೆಲಸಕ್ಕಾಗಿ ಇದೇ ದ್ವೀಪದ ಬಾಯನ್ ಲೆಪಾಸಿಗೆ ಬಂದಾಗ ಇಲ್ಲಿ ಒಬ್ಬರ ಪರಿಚಯವೂ ಇರಲಿಲ್ಲ. ದ್ವೀಪದ ಹೆಸರಿನಲ್ಲೇ ನಮ್ಮ ಅಡಿಕೆ ಇದೆ ಅಂತ ತಿಳಿದ ದಿನ ಏನೋ ಒಂದು ಧೈರ್ಯ ಬಂತು.

1786ರಲ್ಲಿ ಫ್ರಾನ್ಸಿಸ್ ಲೈಟ್ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಇಲ್ಲಿ ಬಂದಿಳಿದ. ಸಮುದ್ರದ ಅಂಚಿಗೆ ಕೋಟೆ ಕಟ್ಟಿಸಿ ಕಾರ್ನ್‌ವಾಲಿಸ್ ಹೆಸರಿಟ್ಟ. ಹೌದು, 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡ ಅದೇ ಕಾರ್ನ್‌ವಾಲಿಸ್. ಬಂದರು ಬೆಳೆದ ಹಾಗೆ ಚೀನಾದವರು, ತಮಿಳರು, ಅರಬರು ಬಂದು ನೆಲೆಸಿದರು. 2008ರಲ್ಲಿ ಯುನೆಸ್ಕೊ ಹಳೇ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕೋಟೆಯನ್ನು ಒಂದು ಗಂಟೆಯಲ್ಲಿ ನೋಡಿ ಮುಗಿಸಬಹುದು. ಉಳಿದ ಹೊತ್ತನ್ನೆಲ್ಲ ಹೊಟ್ಟೆಗೆ ಕೊಡಿ.

ಮೊದಲು ಅಸ್ಸಾಂ ಲಕ್ಸಾ. ಹೆಸರು ಕೇಳಿ ಅಸ್ಸಾಂ ರಾಜ್ಯ ಅಂದುಕೊಳ್ಳಬೇಡಿ. ಮಲಯದಲ್ಲಿ ಅಸಮ್ ಅಂದರೆ ಹುಳಿ. ಅಮ್ಮ ಮೊದಲ ಸಲ ಬಂದಾಗ ಪೆನಾಂಗ್ ರೋಡಿನ ಹತ್ತಿರದ ಒಂದು ಹಳೇ ಕಾಫಿ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಬಟ್ಟಲಿನಲ್ಲಿ ದಪ್ಪ ಅಕ್ಕಿ ಶ್ಯಾವಿಗೆ, ಅದರ ಮೇಲೆ ಬಿಸಿ ಸಾರು. ಮೇಲಿನಿಂದ ಸೌತೆಕಾಯಿ, ಅನಾನಸು, ಈರುಳ್ಳಿ, ಪುದೀನ, ಜೊತೆಗೆ ಶುಂಠಿ ಜಾತಿಯ ಗಿಡದ ಒಂದು ಕೆಂಪು ಹೂವನ್ನು ಸಣ್ಣಗೆ ಹೆಚ್ಚಿ ಹಾಕಿರುತ್ತಾರೆ. ಚಮಚದಲ್ಲಿ ಕಪ್ಪಗೆ, ಅಂಟಂಟಾಗಿ ಸಿಗಡಿಯ ಪಾಕ. ಅಮ್ಮ ಬಟ್ಟಲನ್ನು ಸ್ವಲ್ಪ ಹೊತ್ತು ಸುಮ್ನೆ ನೋಡಿದರು. ಒಂದು ಚಮಚ ಸಾರು ಬಾಯಿಗೆ ಹಾಕಿಕೊಂಡು ತಲೆ ಎತ್ತಿದರು. "ಇದ್ ಬಂಗ್ಡಿ ಅಲ್ದಾ?"

ಬಂಗುಡೆಯೇ! ಇಲ್ಲಿ ಆ ಮೀನನ್ನು ಇಕಾನ್ ಕೆಂಬೊಂಗ್ ಅನ್ನುತ್ತಾರೆ. ಬೇಯಿಸಿ, ಮುಳ್ಳು ತೆಗೆದು, ಸಾರಿನಲ್ಲೇ ಬಿಡಿಸಿ ಹಾಕುತ್ತಾರೆ. ಹುಳಿಗೆ ಹುಣಸೆಹಣ್ಣಿನ ಜೊತೆ ಅಸಮ್ ಗೆಲುಗೊರ್ ಎಂಬ ಕಾಯಿಯ ಒಣಗಿಸಿದ ಹೋಳು. ಅದು ನಮ್ಮ ಉಪ್ಪಾಗೆಯ ಹತ್ತಿರದ ನೆಂಟ. ತೆಂಗಿನಕಾಯಿ ಮಾತ್ರ ಇಲ್ಲ. ಅಮ್ಮನಿಗೆ ಅದೊಂದೇ ಕೊರತೆ ಕಂಡಿದ್ದು. ಆದರೂ ಬಟ್ಟಲಿನ ತಳ ಕಾಣುವವರೆಗೆ ಉಂಡರು. ಅದುವರೆಗೆ ನಾನು ಪರದೇಶದಲ್ಲಿ ಏನು ತಿಂದು ಬದುಕುತ್ತೇನೋ ಅನ್ನುವ ಚಿಂತೆ ಅವರಿಗಿತ್ತು. ಆಮೇಲೆ ಆ ಮಾತು ಎತ್ತಲಿಲ್ಲ.

ಎರಡನೆಯದು ನಾಸಿ ಕಂದರ್. ನಾಸಿ ಅಂದರೆ ಅನ್ನ, ಕಂದರ್ ಅಂದರೆ ಹೆಗಲ ಮೇಲೆ ಹೊರುವ ಕಾವಡಿಯ ಕೋಲು. ತಮಿಳು ಮುಸ್ಲಿಮರು ಒಂದು ಕಡೆ ಅನ್ನ, ಇನ್ನೊಂದು ಕಡೆ ಸಾರು ತೂಗಿಸಿಕೊಂಡು ಬಂದರಿನ ಕೂಲಿಯವರಿಗೆ ಮಾರುತ್ತಿದ್ದರು. ಈಗ ಕಾವಡಿ ಇಲ್ಲ, ಅಂಗಡಿಗಳಿವೆ. ಕ್ಯಾಂಬೆಲ್ ಸ್ಟ್ರೀಟಿನ ಹಮೀದಿಯಾ 1907ರಿಂದ ನಡೆಯುತ್ತಿದೆ. ಪೆನಾಂಗ್ ರೋಡಿನ ಓಣಿಯೊಳಗಿನ ಲೈನ್ ಕ್ಲಿಯರ್ ಕೂಡ ಹೆಸರುವಾಸಿ. ಸಾಲಿನಲ್ಲಿ ನಿಂತು, ಅನ್ನ ಹಾಕಿಸಿಕೊಂಡು, ಬೇಕಾದ್ದನ್ನು ಬೆರಳು ತೋರಿಸಿ ಹೇಳಿದರೆ ಸಾಕು. ಮೀನಿನ ಮೊಟ್ಟೆ, ಬೊಂಡಾಸ್ (ಸ್ಕ್ವಿಡ್), ಕೋಳಿ, ಬೆಂಡೆಕಾಯಿ ಎಲ್ಲ ಇರುತ್ತದೆ. ಕೊನೆಗೆ "ಬಂಜಿರ್" ಅನ್ನಿ. ಬಂಜಿರ್ ಅಂದರೆ ನೆರೆ! ನಾಲ್ಕೈದು ಬಗೆಯ ಸಾರನ್ನು ಒಟ್ಟಿಗೆ, ಅನ್ನ ಮುಳುಗುವ ಹಾಗೆ ಸುರಿಯುತ್ತಾರೆ. ಹಾಗೆ ಬೆರೆತರೇನೇ ಅದರ ರುಚಿ. ದನದ ಮಾಂಸ ತಿನ್ನದವರಿಗೆ ಒಂದು ಮಾತು: ಅದರ ಸಾರೂ ಅಲ್ಲೇ ಇರುತ್ತದೆ, ಬಡಿಸುವ ಮೊದಲೇ ಹೇಳಿಬಿಡಿ.

ಮೂರನೆಯದು ಚಾರ್ ಕ್ವೇ ತಿಯಾವ್. ಅಗಲ ಅಕ್ಕಿ ನೂಡಲ್ಸನ್ನು ಸಿಗಡಿ, ಚಿಪ್ಪಿನ ಮಾಂಸ, ಮೊಳಕೆಕಾಳು, ಮೊಟ್ಟೆ ಹಾಕಿ ದೊಡ್ಡ ಉರಿಯಲ್ಲಿ ಹುರಿಯುತ್ತಾರೆ. ಒಳ್ಳೆ ಕೈಯವರು ಒಂದು ಸಲಕ್ಕೆ ಒಂದೇ ತಟ್ಟೆಯಷ್ಟು ಮಾಡುತ್ತಾರೆ. ಕಾಯಬೇಕು, ಕಾಯಿರಿ. ಚೀನೀ ಅಂಗಡಿಗಳಲ್ಲಿ ಇದಕ್ಕೆ ಹಂದಿ ಕೊಬ್ಬು ಹಾಕುವುದುಂಟು. ಸಂಜೆ ಕಿಂಬರ್ಲಿ ಸ್ಟ್ರೀಟ್ ಅಥವಾ ನ್ಯೂ ಲೇನ್ ಕಡೆ ಹೋದರೆ ಗಾಡಿಗಳ ಸಾಲೇ ಇರುತ್ತದೆ.

ಕೂರುವುದಕ್ಕೂ ಒಂದು ಕ್ರಮ ಇದೆ. ಕೊಪಿಟಿಯಾಮ್, ಅಂದರೆ ಕಾಫಿ ಅಂಗಡಿಯೊಳಗೆ ಐದಾರು ಬೇರೆ ಬೇರೆಯವರ ಗಾಡಿಗಳಿರುತ್ತವೆ. ಮೊದಲು ಮೇಜು ಹಿಡಿಯಿರಿ. ಆಮೇಲೆ ಗಾಡಿಯ ಹತ್ತಿರ ಹೋಗಿ ಬೇಕಾದ್ದು ಹೇಳಿ, ಮೇಜು ತೋರಿಸಿ. ತಂದಿಟ್ಟಾಗ ದುಡ್ಡು. ಕುಡಿಯುವುದನ್ನು ಮಾತ್ರ ಅಂಗಡಿಯವರಿಂದಲೇ ತೆಗೆದುಕೊಳ್ಳಬೇಕು, ಅವರ ಸಂಪಾದನೆ ಅದರಲ್ಲಿದೆ. ಕಾಫಿಗೆ "ಕುರಾಂಗ್ ಮಾನಿಸ್" ಅಂದರೆ ಸಕ್ಕರೆ ಕಡಿಮೆ ಹಾಕುತ್ತಾರೆ. ಜಾಯಿಕಾಯಿಯ ಜ್ಯೂಸ್ ಸಿಕ್ಕಿದರೆ ಬಿಡಬೇಡಿ. ಅಂಬ್ರಾ ಅಂತ ಹಸಿರು ಜ್ಯೂಸ್ ಇನ್ನೊಂದು, ಅದು ನಮ್ಮ ಅಂಬಟೆಯ ಬಳಗದ ಕಾಯಿ.

ಸಸ್ಯಾಹಾರಿಗಳಿಗೆ ಹುಷಾರು ಬೇಕು. ನನ್ನ ಗೆಳತಿಯೊಬ್ಬಳಿಗೆ ಇಲ್ಲಿ ಸೊಪ್ಪಿನ ಪಲ್ಯ ಅಂತ ಕೊಡಿಸಿದ್ದೆ. ಅದರಲ್ಲಿ ಬೆಲಾಚಾನ್ ಇತ್ತು, ಸಿಗಡಿಯನ್ನು ಹುಳಿಬರಿಸಿ ಒಣಗಿಸಿದ ಮುದ್ದೆ. ಹೇಳಿದಾಗ ಅವಳ ಕಣ್ಣಲ್ಲಿ ನೀರು ಬಂತು. ಇವತ್ತಿಗೂ ನನಗೆ ಅದು ಮರೆತಿಲ್ಲ. ಬರೀ ತರಕಾರಿ ಅಲ್ವಾ ಅಂತ ನಂಬಬೇಡಿ, ಪ್ರತಿ ಸಲ ಕೇಳಿ. ಲಿಟಲ್ ಇಂಡಿಯಾಕ್ಕೆ ಹೋದರೆ ಚಿಂತೆ ಇಲ್ಲ. ಪೆನಾಂಗ್ ಸ್ಟ್ರೀಟಿನ ವುಡ್‌ಲ್ಯಾಂಡ್ಸಿನಲ್ಲಿ ಇಡ್ಲಿ, ದೋಸೆ ಸಿಗುತ್ತದೆ. ಪಕ್ಕದ ಕ್ವೀನ್ ಸ್ಟ್ರೀಟಿನಲ್ಲಿ 1833ರ ಮಾರಿಯಮ್ಮನ ಗುಡಿ ಇದೆ, ಕೈಮುಗಿದು ಬನ್ನಿ. ಪುಟು ಮಾಯಾಮ್ ಮಾರುವವರು ಕಂಡರೆ ನಿಲ್ಲಿಸಿ. ಅದು ನಮ್ಮ ಒತ್ತು ಶ್ಯಾವಿಗೆಯೇ, ತೆಂಗಿನತುರಿ ಮತ್ತು ಕಂದು ಸಕ್ಕರೆ ಜೊತೆ ಕೊಡುತ್ತಾರೆ.

ಬಿಸಿಲು ತಲೆಗೇರಿದಾಗ ಚೆಂಡೋಲ್. ಕೇದಗೆ ಜಾತಿಯ ಪಂಡನ್ ಎಲೆಯ ರಸ ಹಾಕಿ ಒತ್ತಿದ ಹಸಿರು ಎಳೆಗಳು, ಕೆಂಪು ಕಾಳು, ಹೆರೆದ ಮಂಜುಗಡ್ಡೆ, ಕಾಯಿಹಾಲು, ತಾಳೆಬೆಲ್ಲದ ಪಾಕ. ಕೆಂಗ್ ಕ್ವೀ ಸ್ಟ್ರೀಟಿನ ಗಾಡಿಯ ಮುಂದೆ ಯಾವಾಗಲೂ ಜನ. ಎಲ್ಲರೂ ಬಟ್ಟಲು ಹಿಡಿದು ಓಣಿಯಲ್ಲಿ ನಿಂತೇ ತಿನ್ನುತ್ತಾರೆ. ಅಮ್ಮನೂ ನಿಂತೇ ತಿಂದರು. "ಕಾಯಿಹಾಲಿಗೆ ಏಲಕ್ಕಿ ಹಾಕ್ಲಿಲ್ಲ ಇವ್ರ್" ಅಂದರು, ಆದರೆ ಇನ್ನೊಂದು ಬಟ್ಟಲು ಬೇಕಾ ಅಂದಾಗ ಬೇಡ ಅನ್ನಲಿಲ್ಲ.

ಅಮ್ಮ ಊರಿಗೆ ಹೊರಡುವ ಮೊದಲು ಚೌರಸ್ತಾ ಮಾರ್ಕೆಟ್ಟಿಗೆ ಹೋದೆವು. ಎಲ್ಲರೂ ಅಲ್ಲಿ ಉಪ್ಪಿನಲ್ಲೋ ಸಕ್ಕರೆಯಲ್ಲೋ ಹಾಕಿದ ಜಾಯಿಕಾಯಿ ಕೊಳ್ಳುತ್ತಾರೆ. ಅಮ್ಮ ಕೊಂಡಿದ್ದು ಒಣಗಿದ ಅಸಮ್ ಹೋಳುಗಳ ಒಂದು ಪೊಟ್ಟಣ. ಊರು ತಲುಪಿದ ವಾರದಲ್ಲೇ ಫೋನ್ ಬಂತು. ಬಂಗುಡೆ ತಂದಿದ್ದರಂತೆ, ಕಾಯಿ ಅರೆದು, ಆ ಹುಳಿ ಹಾಕಿ ಸಾರು ಮಾಡಿದ್ದರಂತೆ. ಪಕ್ಕದ ಮನೆಯವರಿಗೂ ಒಂದು ಪಾತ್ರೆ ಹೋಗಿತ್ತು. ಮುಂದಿನ ಸಲ ನಾನು ಬರುವಾಗ ಎರಡು ಪೊಟ್ಟಣ ತರಬೇಕಂತೆ.