ನಂಬರ್ ಹಚ್ಚಿದ ಮನೆ

ಮಂಗಳವಾರ ಸಂಜೆ ಗುರುತೇ ಇಲ್ಲದವರ ಮನೆಯಲ್ಲಿ ಕೂತು ಚೂಡಾ ತಿಂದೆವು, ಎರಡು ಸಲ ಚಹಾ ಕುಡಿದೆವು. ನಾನಂತೂ ಉಡಿ ತುಂಬಿಸಿಕೊಂಡೂ ಬಂದೆ. ಮನೆ ತಪ್ಪಿದೆ ಅಂತ ಗೊತ್ತಾಗಿದ್ದು ನಡುವೆ, ಚಹಾ ಕುಡಿಯುವಾಗ.

ಮಾಮಾನ ಮಗಳ ಮದುವೆ. ಬಾಗಲಕೋಟೆ ನವನಗರದ ಲಗ್ನಪತ್ರಿಕೆಗಳನ್ನು ಹಂಚುವ ಕೆಲಸ ಮಾಮಾ, ನಾನು ಇಬ್ಬರ ಪಾಲಿಗೆ ಬಂದಿತ್ತು. ಸ್ಕೂಟಿ ನನ್ನದು, ಪೆಟ್ರೋಲ್ ನನ್ನದು, ಪಟ್ಟಿ ಮಾಮಿಯದು, ಹುಕುಂ ಮಾಮಾನದು. ಮಾಮಿ ಹಳೇ ಲೆಕ್ಕದ ವಹಿಯಲ್ಲಿ ಹೆಸರು ಒಂದು ಕಡೆ, ವಿಳಾಸ ಒಂದು ಕಡೆ ಅಂತ ಚೆಂದವಾಗಿ ಗೀಟು ಹೊಡೆದಿದ್ದಳು. ವಿಳಾಸದ ಕಡೆ ಓದಿದರೆ ನಗು ಬರಬೇಕು. ‘ಟಾಕಿ ಹತ್ರ.’ ‘ಬೇವಿನ ಗಿಡದ ಎದುರಿಗೆ.’ ‘ಹೋದ್ರ ಗೊತ್ತಾಕ್ಕೈತಿ.’ ಆ ಬೇವಿನ ಗಿಡ ಕಡಿದು ಮೂರು ವರ್ಷವಾಯಿತು.

ಮಾಮಾ ದಾರಿ ಕೇಳುವ ಮನುಷ್ಯ ಅಲ್ಲ. ಫೋನಿನಲ್ಲಿ ಮ್ಯಾಪ್ ಹಾಕ್ತೀನಿ ಅಂದರೆ ಸಿಟ್ಟು. ‘ನನ್ನ ಊರಾಗ ನನಗ ಫೋನ್ ದಾರಿ ತೋರಸ್ತೈತೇನು?’ ಹಾಗಂತ ಸೆಕ್ಟರುಗಳ ಸಾಲಿನಲ್ಲಿ ಅವರು ಕಳೆದುಹೋದದ್ದನ್ನು ನಾನು ಲೆಕ್ಕ ಇಟ್ಟಿಲ್ಲ.

ಒಂದು ಗೇಟಿನ ಮೇಲೆ ‘ಅಂಗಡಿ’ ಅಂತ ಬರೆದಿತ್ತು. ಪಟ್ಟಿಯಲ್ಲೂ ‘ಅಂಗಡಿ, ಟಾಕಿ ಹತ್ರ’ ಅಂತಲೇ ಇತ್ತು. ನೀರಿನ ಟಾಕಿಯೂ ಕಾಣ್ತಿತ್ತು. ಇನ್ನೇನು ಬೇಕು? ನಮ್ಮ ಕಡೆ ಅಂಗಡಿ, ಬೆಲ್ಲದ, ಹೂಗಾರ, ಪತ್ತಾರ ಇವೆಲ್ಲ ಬರೀ ಅಡ್ಡಹೆಸರಲ್ಲ, ಒಂದು ಕಾಲದ ವಿಳಾಸವೂ ಹೌದು. ಹೆಸರು ಹೇಳಿದರೆ ಓಣಿಯ ಮಕ್ಕಳೂ ಕೈ ಹಿಡಿದು ಬಾಗಿಲಿಗೆ ಬಿಟ್ಟು ಬರ್ತಿದ್ದರು.

ಒಳಗೆ ಒಬ್ಬ ಅಜ್ಜಿ. ‘ಬರ್ರಿ, ಬರ್ರಿ, ಕುಂದರ್ರಿ’ ಅಂದರು. ಯಾರು, ಎಲ್ಲಿಂದ ಅಂತ ಕೇಳಲಿಲ್ಲ. ಕೇಳುವುದು ಮರ್ಯಾದೆ ಅಲ್ಲ ಅಂತ ಅವರ ಲೆಕ್ಕ ಇರಬೇಕು. ತಾಟಿನಲ್ಲಿ ಚೂಡಾ ಬಂತು. ಮಾಮಾ ಪತ್ರಿಕೆಗೆ ಕುಂಕುಮ ಹಚ್ಚಿ ಕೊಟ್ಟರು. ಕವರಿನ ಮೇಲೆ ‘ಅಂಗಡಿ ಸಹಕುಟುಂಬ’ ಅಂತಷ್ಟೇ ಇತ್ತು, ಹಾಗಾಗಿ ಅಲ್ಲಿಯೂ ಗುಟ್ಟು ಒಡೆಯಲಿಲ್ಲ. ಮಳೆ, ಜೋಳದ ರೇಟು, ಬಂಗಾರದ ರೇಟು ಎಲ್ಲ ಮುಗಿದ ಮೇಲೆ ಮಾಮಾ ಕೇಳಿದರು: ‘ಮಗ ಇನ್ನೂ ಬ್ಯಾಂಕಿನಿಂದ ಬಂದಿಲ್ಲೇನ್ರಿ?’

‘ಯಾವ ಬ್ಯಾಂಕ್ ರೀ? ನನ್ನ ಮಗ ಸೊಲ್ಲಾಪುರದಾಗ ಇರ್ತಾನ.’

ಮಾಮಾನ ಕೈಯಲ್ಲಿದ್ದ ಕಪ್ಪು ಅಲ್ಲೇ ನಿಂತಿತು. ನನಗೆ ನಗು ತಡೆಯಲಿಲ್ಲ. ಅಜ್ಜಿಯೂ ನಕ್ಕರು. ‘ಅದಕ್ಕ ನಾನೂ ಯಾರಿವ್ರು ಅಂತ ವಿಚಾರ ಮಾಡಾಕತ್ತಿದ್ದೆ. ಇರ್ಲಿ ಬಿಡ್ರಿ, ಬಂದೀರಿ, ಉಂಡ್ ಹೋಗ್ರಿ’ ಅಂದರು. ಪತ್ರಿಕೆ ವಾಪಸ್ ಕೇಳುವುದು ಹೇಗೆ? ಅದು ಆಗಲೇ ದೇವರ ಮುಂದೆ ಹೋಗಿತ್ತು.

ಹೊರಡುವಾಗ ನಾನು ಸುಮ್ನೆ ಅಂದೆ, ಮೇಷ್ಟ್ರ ಚಟ: ‘ಅವ್ವಾರ, ಗೇಟಿಗೆ ಒಂದು ನಂಬರ್ ಇದ್ರ ಹಿಂಗ ಆಗ್ತಿರಲಿಲ್ಲ ನೋಡ್ರಿ.’

ಅಜ್ಜಿ ನಗುವುದನ್ನು ನಿಲ್ಲಿಸಿದರು. ‘ನಂಬರ್ ಹಚ್ಚಿದ ಮನಿ ಉಳ್ಯಾಂಗಿಲ್ಲ ನೋಡ್ರಿ ಅಕ್ಕೋರ’ ಅಂದರು.

ಅಷ್ಟೇ. ಆಮೇಲೆ ಅಕ್ಕಿ, ಖಾರೀಕು, ಕುಪ್ಪಸದ ಕಣ ತಂದು ಉಡಿ ತುಂಬಿದರು. ಮತ್ತೆ ಆ ಮಾತು ಎತ್ತಲಿಲ್ಲ.

ಬೇರೆ ಊರಿನವರಿಗೆ ಈ ಮಾತು ಒಗಟಿನ ಹಾಗೆ ಕೇಳಬಹುದು. ಬಾಗಲಕೋಟೆಯವರಿಗೆ ಬಿಡಿಸಿ ಹೇಳುವುದು ಬೇಕಿಲ್ಲ. ಕೃಷ್ಣೆಯ ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ್ದು 1964ರಲ್ಲಿ. ಕಟ್ಟುವುದು ದಶಕಗಟ್ಟಲೆ ನಡೆಯಿತು. ನೀರು 519.6 ಮೀಟರ್ ಮಟ್ಟಕ್ಕೆ ನಿಂತಾಗ ಘಟಪ್ರಭೆಯ ಹಿನ್ನೀರು ನಮ್ಮ ಊರಿನ ಒಳಗೇ ಬಂತು. ಅದಕ್ಕೆ ಮೊದಲು ಅಳೆಯುವವರು ಬಂದಿದ್ದರು. ಯಾವ ಮನೆ ಹೋಗುತ್ತೆ, ಯಾವುದು ಉಳಿಯುತ್ತೆ ಅಂತ ಲೆಕ್ಕ ಬೇಕಲ್ವಾ? ಗೋಡೆಗೆ ನಂಬರ್ ಬಂದದ್ದು ಆಗ. ನಂಬರ್ ಬಂತು, ಪರಿಹಾರದ ಕಾಗದ ಬಂತು, ಆಮೇಲೆ ಮನೆ ಹೋಯಿತು. ಅಜ್ಜಿ ನೋಡಿದ ಕ್ರಮ ಅದೇ. ಅವರು ಮೂಢನಂಬಿಕೆ ಮಾತಾಡಲಿಲ್ಲ, ಕಂಡದ್ದನ್ನು ಹೇಳಿದರು.

ಆದರೂ ಆ ರಾತ್ರಿ ನನಗೆ ತಕರಾರೇ ಎದ್ದಿತು. ಯಾಕಂದ್ರೆ ಹಾಗೆ ಮನೆ ಹೋದವರಿಗಾಗಿ ಕಟ್ಟಿದ ನವನಗರ ನಂಬರಿನ ಮೇಲೆಯೇ ನಿಂತ ಊರು. ಹಳೇ ಊರಿನಲ್ಲಿ ಕಿಲ್ಲಾ, ಹಳಪೇಟೆ, ಜೈನಪೇಟೆ, ವೆಂಕಟಪೇಟೆ, ಹೊಸಪೇಟೆ ಅಂತ ಹೆಸರುಗಳು. ಹೋಳಿಯಲ್ಲಿ ಬಣ್ಣದ ಸರದಿ ಈಗಲೂ ಪೇಟೆ ಪೇಟೆಯದು, ಹಲಗಿ ಪೇಟೆಯ ಹೆಸರಿನಲ್ಲೇ ಸದ್ದು ಮಾಡುತ್ತದೆ. ಇಲ್ಲಿ ಎಂಜಿನಿಯರುಗಳು ಖಾಲಿ ನೆಲದ ಮೇಲೆ ಗೀಟು ಎಳೆದು ಸೆಕ್ಟರ್ ಮಾಡಿದರು. ಸೆಕ್ಟರಿಗೆ ನಂಬರ್, ಪ್ಲಾಟಿಗೆ ನಂಬರ್. ಕಾಗದದಲ್ಲಿ ನೋಡಿದರೆ ಕರ್ನಾಟಕದಲ್ಲಿ ಇಷ್ಟು ಅಚ್ಚುಕಟ್ಟಾದ ಊರು ಹುಡುಕಬೇಕು. ಗೇಟಿನಲ್ಲಿ ನೋಡಿದರೆ ‘ಮಾತೃಶ್ರೀ ಕೃಪಾ’ ಇದೆ. ಒಂದೇ ಸಾಲಿನಲ್ಲಿ ಮೂರು ಇವೆ, ಬೇಕಾದರೆ ತೋರಿಸ್ತೀನಿ. ಯಜಮಾನರ ಡಿಗ್ರಿ ಇದೆ. ನಿವೃತ್ತಿ ಆಗಿ ಹತ್ತು ವರ್ಷವಾದರೂ ಹುದ್ದೆ ಇದೆ. ‘ನಾಯಿ ಇದೆ ಎಚ್ಚರಿಕೆ’ ಎಲ್ಲಕ್ಕಿಂತ ದೊಡ್ಡದಾಗಿದೆ. ನಾಯಿ ಇಲ್ಲ. ನಂಬರೂ ಇಲ್ಲ.

ನನಗೆ ಈ ವಿಷಯದಲ್ಲಿ ಇಷ್ಟು ಕಿರಿಕಿರಿ ಯಾಕೆ ಅಂದರೆ 2025ರ ಸೆಪ್ಟೆಂಬರಿನ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ. ನಮ್ಮಂಥ ಶಿಕ್ಷಕರನ್ನೇ ಮನೆಮನೆಗೆ ಕಳಿಸಿದ್ದರಲ್ಲ, ಅದು. ಅದಕ್ಕೂ ಮೊದಲು ಮೀಟರ್ ರೀಡರ್‌ಗಳು ಬಂದು ಬಾಗಿಲ ಹತ್ತಿರ ಚೀಟಿ ಅಂಟಿಸಿ ಹೋಗಿದ್ದರು. ನನ್ನ ಫೋನು ಒಂದು ಮನೆ ತೋರಿಸಿ, ಹೋಗಿ ನಿಂತರೆ ಅಲ್ಲಿ ಖಾಲಿ ಪ್ಲಾಟಿನಲ್ಲಿ ಎಮ್ಮೆ. ಒಂದು ಮಧ್ಯಾಹ್ನ ಒಂದೇ ಮನೆಗಾಗಿ ಐದು ಗೇಟು ಬಡಿದೆ. ಐದನೆಯ ಗೇಟಿನ ಹೆಣ್ಣುಮಗಳು ‘ಈಗಷ್ಟ ಬಂದಿದ್ರಲ್ಲ’ ಅಂದಳು. ಬಂದಿದ್ದೆ, ಹೌದು. ಸುತ್ತು ಹಾಕಿ ಅಲ್ಲಿಗೇ ಬಂದಿದ್ದೆ.

ಮನೆಗೆ ನಂಬರ್ ಇಲ್ಲ ಅಂತಲ್ಲ, ತಮಾಷೆ ಅದೇ. ಒಂದು ಮನೆಗೆ ಎಷ್ಟು ನಂಬರ್ ಅಂತ ಎಣಿಸಿ ನೋಡಿ. ಕರೆಂಟಿಗೆ ಆರ್‌ಆರ್ ನಂಬರ್. ಹಳೇ ಊರಿನವರಾದರೆ ಸಿಟಿ ಸರ್ವೆ ನಂಬರ್. ಮನಿಪಟ್ಟಿ ಕಟ್ಟಲು ಇನ್ನೊಂದು, ಉತಾರದಲ್ಲಿ ಅದು. ಪ್ಲಾಟ್ ನಂಬರ್ ಬೇರೆ. ಸಮೀಕ್ಷೆಯ ಚೀಟಿ ಬೇರೆ. ಇಷ್ಟು ಸಾಲದು ಅಂತ 2025ರ ಮೇ ತಿಂಗಳಲ್ಲಿ ಅಂಚೆ ಇಲಾಖೆ ಡಿಜಿಪಿನ್ ಬಿಟ್ಟಿತು. ದೇಶವನ್ನೆಲ್ಲ ಸುಮಾರು ನಾಲ್ಕು ಮೀಟರಿನ ಚೌಕಗಳಾಗಿ ಹಂಚಿ, ಚೌಕಕ್ಕೊಂದು ಹತ್ತು ಅಕ್ಷರದ ಗುರುತು. ನಮ್ಮ ಅಡುಗೆಮನೆಗೆ ಒಂದು, ಪಡಸಾಲೆಗೆ ಒಂದು ಬರ್ತದೆ. ಇವೆಲ್ಲ ಕಪಾಟಿನಲ್ಲಿವೆ, ಕಂಪ್ಯೂಟರಿನಲ್ಲಿವೆ, ಫೋನಿನಲ್ಲಿವೆ. ದುಡ್ಡು ವಸೂಲಿ ಮಾಡುವವರಿಗೆ, ಲೆಕ್ಕ ಇಡುವವರಿಗೆ ನಮ್ಮ ಮನೆ ಸರಿಯಾಗಿ ಸಿಗುತ್ತದೆ. ರಾತ್ರಿ ಎರಡಕ್ಕೆ ಆಂಬುಲೆನ್ಸ್ ಓಡಿಸಿಕೊಂಡು ಬಂದ ಹುಡುಗನಿಗೆ ಮಾತ್ರ ಸಿಗುವುದಿಲ್ಲ. ಅವನು ರಸ್ತೆಯ ತುದಿಯಲ್ಲಿ ನಿಂತು ಫೋನ್ ಮಾಡ್ತಾನೆ, ಮನೆಯವರಲ್ಲಿ ಒಬ್ಬರು ಮೊಬೈಲ್ ಬ್ಯಾಟರಿ ಬೀಸುತ್ತ ಹೊರಗೆ ಓಡ್ತಾರೆ. ನಮ್ಮ ತಂದೆಗೆ ಎದೆನೋವು ಬಂದಾಗ ಹಾಗೆ ಓಡಿದವಳು ನಾನೇ. ಅಪ್ಪ ಉಳಿದರು. ಆದರೆ ಆ ಹತ್ತು ನಿಮಿಷ ನಾನು ಅವರ ಪಕ್ಕದಲ್ಲಿ ಇರಲಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ನೇರ: ನಂಬರ್ ಹಾಕುವುದು ಮನೆಯವರ ಮರ್ಜಿಗೆ ಬಿಡುವ ವಿಷಯ ಅಲ್ಲ. ನನ್ನ ಮನೆಯ ನಂಬರ್ ನನಗೆ ಬೇಕಾಗಿಲ್ಲ, ನನಗೆ ನನ್ನ ಮನೆ ಗೊತ್ತು. ಅದು ಬೇಕಾಗಿರುವುದು ಹುಡುಕಿಕೊಂಡು ಬರುವವರಿಗೆ. ಕಾನೂನು ಇಲ್ಲವೇ ಅಂದರೆ, ಇದೆ. ಬೀದಿಗೆ ಹೆಸರು, ಮನೆಗೆ ನಂಬರ್ ಕೊಡುವ ಅಧಿಕಾರ ಪುರಸಭೆ, ನಗರಸಭೆಗಳಿಗೆ ಪುರಸಭೆಗಳ ಕಾಯ್ದೆಯಲ್ಲೇ ಇದೆ. ಆ ಕಾಯ್ದೆಯ ವರ್ಷ ಯಾವುದು ಗೊತ್ತೇ? 1964. ಆಲಮಟ್ಟಿಗೆ ಅಡಿಗಲ್ಲು ಬಿದ್ದ ವರ್ಷವೇ. ಅಣೆಕಟ್ಟು ಎದ್ದು ನಿಂತು ಊರು ಮುಳುಗಿಸಿತು, ಗೇಟಿನ ನಂಬರ್ ಇನ್ನೂ ಬರಬೇಕು.

ಅಧಿಕಾರ ಇದೆ ಅನ್ನುವುದಕ್ಕೂ ಗೋಡೆಯ ಮೇಲೆ ಕಾಣಬೇಕು ಅನ್ನುವುದಕ್ಕೂ ಬಹಳ ಅಂತರ. ನನ್ನ ಕೈಯಲ್ಲಿದ್ದರೆ ಹೀಗೆ ಬರೆಸ್ತಿದ್ದೆ: ರಸ್ತೆಯಲ್ಲಿ ನಿಂತವರಿಗೆ ಕಾಣಬೇಕು, ಕತ್ತಲಲ್ಲೂ ಕಾಣಬೇಕು. ಕಾಂಪೌಂಡ್ ಇದ್ದರೆ ಗೇಟಿನ ಕಂಬದ ಮೇಲೆ, ಒಳಗಿನ ಬಾಗಿಲ ಮೇಲಲ್ಲ. ಅಂಗೈಯಷ್ಟು ದೊಡ್ಡ ಅಂಕಿ. ದಾಸವಾಳದ ಗಿಡ ಮುಚ್ಚಿದರೆ ಗಿಡ ಕತ್ತರಿಸಬೇಕು. ದಂಡ ಹಾಕಬೇಕೋ ಬೇಡವೋ ಅಂದರೆ, ಮೊದಲ ಫಲಕ ನಗರಸಭೆಯವರೇ ಹಾಕಿಕೊಡಲಿ, ಮನಿಪಟ್ಟಿಯ ಪಾವತಿ ಜೊತೆಗೆ. ಕಿತ್ತರೆ ಆಮೇಲೆ ದಂಡ. ಸೆಕ್ಟರಿನ ಬಾಯಲ್ಲಿ ‘ಈ ಸಾಲಿನಲ್ಲಿ ಇಷ್ಟರಿಂದ ಇಷ್ಟು’ ಅಂತ ಬೋರ್ಡ್ ಹಾಕದೆ ಜನರ ಗೇಟಿಗೆ ಮಾತ್ರ ಕಾನೂನು ತಂದರೆ ನಾನೂ ಜಗಳಕ್ಕೆ ನಿಲ್ತೀನಿ. ಹೆಸರು ತೆಗೀಬೇಕು ಅಂತ ಯಾರೂ ಹೇಳ್ತಿಲ್ಲ, ‘ಮಾತೃಶ್ರೀ ಕೃಪಾ’ ಪಕ್ಕದಲ್ಲೇ ಇರಲಿ.

ಇಷ್ಟೆಲ್ಲ ತಲೆಯಲ್ಲಿ ಕಟ್ಟಿ ಮುಗಿಸುವಾಗ ಪ್ರತಿ ಸಲವೂ ಅಜ್ಜಿ ಬಂದು ನಿಲ್ತಾರೆ. ‘ನಂಬರ್ ಹಚ್ಚಿದ ಮನಿ ಉಳ್ಯಾಂಗಿಲ್ಲ ನೋಡ್ರಿ ಅಕ್ಕೋರ.’ ನೋಟಿಸು ಹಿಡಿದು, ಪೇಂಟು ಡಬ್ಬಿ ಹಿಡಿದು ಒಬ್ಬ ಮನುಷ್ಯ ಅವರ ಗೇಟಿಗೆ ಹೋದರೆ ಅವರಿಗೆ ಹೇಗಾಗಬಹುದು? ಈಗ ಮತ್ತೆ ಆಲಮಟ್ಟಿಯ ನೀರಿನ ಮಟ್ಟವನ್ನು 519ರಿಂದ 524 ಮೀಟರಿಗೆ ಏರಿಸುವ ಮಾತು ನಡೆದಿದೆ. ಕೃಷ್ಣಾ ಜಲವಿವಾದ ನ್ಯಾಯಮಂಡಳಿ 524.256 ಮೀಟರ್ ಎತ್ತರಕ್ಕೆ ಒಪ್ಪಿದ ಮೇಲೆ ಇನ್ನಷ್ಟು ಹಳ್ಳಿ, ಊರಿನ ಇನ್ನಷ್ಟು ಭಾಗ ಹೋಗುವ ಪಟ್ಟಿಯಲ್ಲಿವೆ. 2025ರಲ್ಲಿ ಸರ್ಕಾರ ಎಕರೆಗೆ ಇಷ್ಟು ಅಂತ ಪರಿಹಾರದ ದರವನ್ನೂ ಹೇಳಿತು, ನೀರಾವರಿ ಭೂಮಿಗೆ 40 ಲಕ್ಷ, ಒಣ ಭೂಮಿಗೆ 30 ಲಕ್ಷ. ಅಲ್ಲಿನ ಮನೆಗಳಿಗೂ ನಂಬರ್ ಬರ್ತವೆ. ನಾನು ಬೇಕು ಅನ್ನುವ ನಂಬರಿಗೂ ಆ ನಂಬರಿಗೂ ಸಂಬಂಧ ಇಲ್ಲ ಅಂತ ನನಗೆ ಗೊತ್ತು. ಗೋಡೆಯ ಮೇಲೆ ಎರಡೂ ಒಂದೇ ಥರ ಕಾಣ್ತವೆ.

ಗುರುವಾರ ಮಾಮಾ ಇನ್ನೊಂದು ಪತ್ರಿಕೆ ಬರೆದರು, ಈ ಸಲ ಅಜ್ಜಿಯ ಹೆಸರಿಗೇ. ‘ತಪ್ಪಿ ಕೊಟ್ಟದ್ದು ಕೊಟ್ಟದ್ದಲ್ಲ, ಕರದು ಬಾ’ ಅಂತ ನನ್ನನ್ನು ಕಳಿಸಿದರು. ಮಾಮಾನ ಮೇಲೆ ಎಷ್ಟು ಸಿಟ್ಟಿದ್ದರೂ ಇಂಥ ಹೊತ್ತಿನಲ್ಲಿ ಕರಗುತ್ತದೆ. ಎರಡು ದಿನದ ಹಿಂದೆ ಹೋಗಿ ಬಂದ ಮನೆ, ಆದರೂ ಒಂದು ಸಾಲು ತಪ್ಪಿದೆ. ಕಡೆಗೆ ಗುರುತು ಹಿಡಿದದ್ದು ಬಾಗಿಲಿನಿಂದ. ಮಂಗಳವಾರ ನೋಡಿದ್ದೆ, ಗಮನ ಕೊಟ್ಟಿರಲಿಲ್ಲ. ಮನೆಯೆಲ್ಲ ಸಿಮೆಂಟು, ಟೈಲ್ಸು. ಬಾಗಿಲು ಮಾತ್ರ ಹಳೇ ಸಾಗವಾನಿ, ಎಣ್ಣೆ ಕುಡಿದು ಕಪ್ಪಾದದ್ದು. ಚೌಕಟ್ಟು ಮೊಳ ದಪ್ಪ. ಬಗ್ಗಿ ಹೋಗಬೇಕು.

‘ಹಳೀ ಮನೀದರಿ. ಮನಿ ಒಡದಾಗ ಬಾಗಲಾ, ತೊಲಿ ಅಷ್ಟ ತಂದ್ವಿ’ ಅಂದರು ಅಜ್ಜಿ.

ಒಳಗೆ ಬಗ್ಗುವಾಗ ಚೌಕಟ್ಟಿನ ಎಡಕ್ಕೆ, ಎದೆಯ ಮಟ್ಟದಲ್ಲಿ, ಡಾಂಬರಿನಿಂದ ಬರೆದ ಅಂಕಿ ಕಂಡಿತು. ಮೇಲೆ ಎಷ್ಟು ಸಲ ಎಣ್ಣೆ ಹಚ್ಚಿದ್ದಾರೋ. ಆದರೂ ಓದಲು ಬರ್ತದೆ. 214.

ಮನೆಗೆ ಬಂದು ಮಾಮಾನಿಗೆ ಹೇಳಿದೆ. ಅವರು ವಹಿ ತೆಗೆದು, ಕಡೆಯ ಗೀಟಿನ ಕೆಳಗೆ ಅಜ್ಜಿಯ ಹೆಸರು ಬರೆದು, ವಿಳಾಸದ ಕಡೆ ‘ಅಂಗಡಿ, 214’ ಅಂತ ಬರೆದರು.

‘ಮಾಮಾ, ಅದು ಇಲ್ಲೀ ನಂಬರ್ ಅಲ್ಲ.’

‘ಗೊತ್ತೈತಿ’ ಅಂದರು. ಪೆನ್ನು ಮುಚ್ಚಲಿಲ್ಲ. ‘ಯಾವ ಪೇಟಿ ಅಂತ ಕೇಳಿದಿ?’

ಕೇಳಿರಲಿಲ್ಲ.